ಕೂದಲಿನ ಔಷಧ: ಯಾವ ತೊಂದರೆಗೆ ಯಾವುದು ಕಾರಣ?

ಪ್ರಶ್ನೆ: ನನಗೆ 29 ವರ್ಷ, ಮದುವೆ ನಿಶ್ಚಯವಾಗಿದೆ. ನೆತ್ತಿಯ ಕೂದಲು ತೆಳುವಾಗುತ್ತಿದ್ದುದರಿಂದ ಗೆಳೆಯನ ಮಾತು ಕೇಳಿ ಎರಡು ತಿಂಗಳಿಂದ ದಿನಕ್ಕೊಂದು ಫಿನಾಸ್ಟರೈಡ್ ಮಾತ್ರೆ ನುಂಗುತ್ತಿದ್ದೇನೆ. ಬೆಳಿಗ್ಗೆ, ರಾತ್ರಿ ಶೇ 5ರ ಮಿನಾಕ್ಸಿಡಿಲ್ ದ್ರಾವಣ ಹಚ್ಚುತ್ತೇನೆ. ಈಗ ಕೂದಲು ಮೊದಲಿಗಿಂತ ಹೆಚ್ಚು ಉದುರುತ್ತಿದೆ. ನೆತ್ತಿ ತುರಿಸುತ್ತದೆ, ಆಗಾಗ ಎದೆ ಹೊಡೆದುಕೊಳ್ಳುತ್ತದೆ, ಲೈಂಗಿಕ ಆಸಕ್ತಿಯೂ ಕುಗ್ಗಿದೆ. ಎಲ್ಲವೂ ಔಷಧದಿಂದಲೇ? ನಿಲ್ಲಿಸಿದರೆ ಸರಿಹೋಗುತ್ತದೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದ ನಾಲ್ಕು ತೊಂದರೆಗಳಿಗೂ ಒಂದೇ ಕಾರಣವಿರಲಾರದು. ಒಂದೊಂದನ್ನೂ ಬೇರೆಯಾಗಿಯೇ ನೋಡಬೇಕು.

ಕೂದಲು ಹೆಚ್ಚು ಉದುರುತ್ತಿರುವುದರಿಂದ ನೀವು ಕಂಗಾಲಾಗಿದ್ದೀರಿ, ಆದರೆ ನನಗೆ ಅತಿ ಕಡಿಮೆ ಚಿಂತೆಯ ಸಂಗತಿ ಅದೇ. ಹಾಲುಹಲ್ಲನ್ನು ಹೊಸ ಹಲ್ಲು ಕೆಳಗಿನಿಂದ ತಳ್ಳುವ ಹಾಗೆ, ಮಿನಾಕ್ಸಿಡಿಲ್‌ನಿಂದ ಎಚ್ಚೆತ್ತ ಬೇರುಗಳು ಹಳೆಯ ಕೂದಲನ್ನು ಹೊರಹಾಕುತ್ತವೆ. ಹಚ್ಚಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಇದು ಆರಂಭವಾಗಿ, ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಗ್ಗುತ್ತದೆ.

ತುರಿಕೆ ಮತ್ತು ಎದೆಬಡಿತಕ್ಕೆ ಮಾತ್ರ ಒಂದಕ್ಕೊಂದು ನಂಟಿರಬಹುದು. ತುರಿಕೆಗೆ ಹೆಚ್ಚಾಗಿ ಕಾರಣವಾಗುವುದು ಮಿನಾಕ್ಸಿಡಿಲ್ ಅಲ್ಲ, ಅದನ್ನು ಕರಗಿಸಲು ಬಳಸುವ ಪ್ರೊಪಿಲೀನ್ ಗ್ಲೈಕಾಲ್. ಕೆರೆದು ಕೆರೆದು ಗಾಯವಾದ ನೆತ್ತಿ ಔಷಧವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಮಿನಾಕ್ಸಿಡಿಲ್ ಮೂಲತಃ ತೀವ್ರ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಮಾತ್ರೆ. ಅದನ್ನು ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡ ಮೇಲೆಯೇ ಅದು ತಲೆಗೆ ಹಚ್ಚುವ ಔಷಧವಾಯಿತು. ರಕ್ತನಾಳಗಳನ್ನು ಹಿಗ್ಗಿಸುವ ಗುಣ ಅದರಲ್ಲಿ ಈಗಲೂ ಇದೆ. ನಾಳ ಹಿಗ್ಗಿ ಒತ್ತಡ ಇಳಿದರೆ ಹೃದಯ ಜೋರಾಗಿ ಬಡಿಯುತ್ತದೆ. ಒಂದು ಸಲಕ್ಕೆ 1 ಮಿ.ಲೀ. ಮಾತ್ರ ಹಚ್ಚಬೇಕು. ಬೇಗ ಗುಣವಾಗಲೆಂದು ಎರಡು ಪಟ್ಟು ಸುರಿಯುವವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಸದ್ಯ ಹಚ್ಚುವುದನ್ನು ನಿಲ್ಲಿಸಿ, ರಕ್ತದೊತ್ತಡ ಮತ್ತು ಇಸಿಜಿ ಮಾಡಿಸಿ. ಎದೆನೋವು, ತಲೆಸುತ್ತು ಅಥವಾ ಪಾದಗಳ ಊತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯೂ ಆಗಲಿ. ಥೈರಾಯ್ಡ್ ಏರುಪೇರಾದರೆ ಕೂದಲು ಉದುರುವುದು, ಎದೆಬಡಿತ, ಆಸಕ್ತಿ ಕುಗ್ಗುವುದು ಎಲ್ಲವೂ ಒಟ್ಟಿಗೆ ಬರಬಹುದು. ಆಗ ನಾವು ಔಷಧವನ್ನು ಸುಮ್ಮನೆ ದೂರಿದಂತಾಗುತ್ತದೆ.

ಇನ್ನು ನೀವು ಕೊನೆಗೆ, ಒಂದೇ ಸಾಲಿನಲ್ಲಿ ಬರೆದ ವಿಷಯ. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರೋನ್ ಅನ್ನು ಡಿಎಚ್‌ಟಿ ಎಂಬ ಇನ್ನಷ್ಟು ಪ್ರಬಲ ಹಾರ್ಮೋನ್ ಆಗಿ ಬದಲಿಸುವ ಕಿಣ್ವವನ್ನು ಫಿನಾಸ್ಟರೈಡ್ ತಡೆಯುತ್ತದೆ. ನೆತ್ತಿಯ ಕೂದಲಿನ ಬೇರು ಸೊರಗುವುದು ಈ ಡಿಎಚ್‌ಟಿಯಿಂದಲೇ. ಆದರೆ ಮಾತ್ರೆ ನೆತ್ತಿಗಷ್ಟೇ ಹೋಗುವುದಿಲ್ಲ, ಇಡೀ ರಕ್ತದಲ್ಲಿ ಡಿಎಚ್‌ಟಿ ಮೂರನೇ ಎರಡರಷ್ಟು ಇಳಿಯುತ್ತದೆ. ಕೆಲವರಲ್ಲಿ ಆಸಕ್ತಿ, ನಿಮಿರುವಿಕೆ, ವೀರ್ಯದ ಪ್ರಮಾಣ ಕುಗ್ಗಲು ಇದು ಕಾರಣ. ಅದೇ ಕಿಣ್ವಗಳ ಗುಂಪು ಮಿದುಳಿನಲ್ಲಿ ಮನಸ್ಸನ್ನು ಶಾಂತವಾಗಿಡುವ ಸ್ಟಿರಾಯ್ಡ್‌ಗಳ ತಯಾರಿಕೆಯಲ್ಲೂ ತೊಡಗಿರುವುದರಿಂದ ಮನಸ್ಸು ಕುಸಿಯುವುದಕ್ಕೂ ಇದಕ್ಕೂ ಸಂಬಂಧವಿರಬಹುದು.

ಎಷ್ಟು ಜನರಿಗೆ ಹೀಗಾಗುತ್ತದೆ? 1 ಮಿ.ಗ್ರಾಂ ಮಾತ್ರೆಯ ಮೂಲ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ಶೇ 3.8, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ 2.1. ಅಂದರೆ ಭಯ, ಮದುವೆಯ ಆತಂಕ, ಬೇರೆ ಕಾರಣಗಳೂ ಈ ಲೆಕ್ಕದಲ್ಲಿ ಸೇರಿವೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಊದಿಕೊಂಡವರಿಗೆ 5 ಮಿ.ಗ್ರಾಂ ಫಿನಾಸ್ಟರೈಡ್ ಕೊಟ್ಟರು. ಲೈಂಗಿಕ ತೊಂದರೆ ಬರಬಹುದೆಂದು ಮೊದಲೇ ತಿಳಿಸಿದವರಲ್ಲಿ ಸುಮಾರು ಶೇ 44 ಮಂದಿ, ತಿಳಿಸದವರಲ್ಲಿ ಶೇ 15 ಮಂದಿ ತೊಂದರೆ ಹೇಳಿದರು. ಇದನ್ನು ಹಿಡಿದುಕೊಂಡು ‘ಎಲ್ಲ ನಿಮ್ಮ ಕಲ್ಪನೆ’ ಎಂದು ರೋಗಿಯನ್ನು ಸಾಗಹಾಕುವ ವೈದ್ಯರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಆತಂಕದಿಂದ ಬಂದ ತೊಂದರೆಯೂ ತೊಂದರೆಯೇ. ಮಾತ್ರೆ ಬಿಟ್ಟ ಮೇಲೂ ಕೆಲವರಲ್ಲಿ ಲಕ್ಷಣಗಳು ಉಳಿದ ವರದಿಗಳಿವೆ. 2012ರಿಂದ ಅಮೆರಿಕದಲ್ಲಿ ಈ ಮಾತ್ರೆಯ ಮಾಹಿತಿಪತ್ರದಲ್ಲೇ ಅದನ್ನು ನಮೂದಿಸಲಾಗಿದೆ.

ನಿಮ್ಮ ಮಾತ್ರೆಯ ಪಟ್ಟಿಯನ್ನು ಒಮ್ಮೆ ತಿರುಗಿಸಿ ನೋಡಿ. ಫಿನಾಸ್ಟರೈಡ್ 5 ಮಿ.ಗ್ರಾಂನಲ್ಲೂ ಸಿಗುತ್ತದೆ, ಅದು ಪ್ರಾಸ್ಟೇಟ್ ಔಷಧ. ಡುಟಾಸ್ಟರೈಡ್ ಎಂದಿದ್ದರೆ ಅದು ಇನ್ನೂ ಬಲವಾದದ್ದು, ದೇಹದಿಂದ ಹೊರಹೋಗಲು ತಿಂಗಳುಗಳೇ ಬೇಕು. ನಿಮ್ಮದು ಫಿನಾಸ್ಟರೈಡ್ ಆಗಿದ್ದರೆ ನಿಲ್ಲಿಸಿದ ಸುಮಾರು ಎರಡು ವಾರಗಳಲ್ಲಿ ಡಿಎಚ್‌ಟಿ ಮೊದಲಿನ ಮಟ್ಟಕ್ಕೆ ಬರುತ್ತದೆ, ಹೆಚ್ಚಿನವರಲ್ಲಿ ಆಸಕ್ತಿಯೂ ಮರಳುತ್ತದೆ. ಈಗ ನಿಲ್ಲಿಸಿ, ಪಟ್ಟಿಯನ್ನೂ ಸೀಸೆಯನ್ನೂ ಕೈಯಲ್ಲಿ ಹಿಡಿದೇ ಚರ್ಮರೋಗ ತಜ್ಞರ ಬಳಿ ಹೋಗಿ. ಇಲ್ಲಿ ಒಂದೇ ಸಾಲಿನಲ್ಲಿ ಬರೆದದ್ದನ್ನು ಅಲ್ಲಿ ಮೊದಲ ಮಾತಾಗಿ ಹೇಳಿ. ನಾವು ಇಂಥದ್ದನ್ನು ದಿನವೂ ಕೇಳುತ್ತೇವೆ, ಯಾರೂ ನಗುವುದಿಲ್ಲ. ಮನಸ್ಸು ತೀರಾ ಕುಸಿದು ಬದುಕೇ ಬೇಡವೆನಿಸಿದರೆ ಕಾಯಬೇಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನಮ್ಮ ಮಗುವಿಗೆ ಐದು ತಿಂಗಳು. ಕೆನ್ನೆ, ಬೆನ್ನಿನ ಮೇಲೆ ಕಪ್ಪು ಕೂದಲು ದಟ್ಟವಾಗುತ್ತಿದೆ. ನನ್ನ ಯಜಮಾನರು ತಲೆಗೆ ಮಿನಾಕ್ಸಿಡಿಲ್ ಹಚ್ಚುತ್ತಾರೆ, ಮಗು ಅವರ ಎದೆಯ ಮೇಲೆಯೇ ಮಲಗುತ್ತದೆ. ಸಂಬಂಧವಿದೆಯೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಇರಬಹುದು ತಾಯಿ. ನೀವೇ ಅದನ್ನು ಗುರುತಿಸಿದ್ದು ಒಳ್ಳೆಯದಾಯಿತು. ಹಚ್ಚಿದ ಜಾಗ ಮಗುವಿನ ಮೈಗೆ, ಬಾಯಿಗೆ ತಾಗಿ ಹೀಗಾದ ಪ್ರಕರಣಗಳು ಯುರೋಪಿನಲ್ಲಿ ವರದಿಯಾಗಿ, 2024ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಕೆ ನೀಡಿದರು. ಸಂಪರ್ಕ ತಪ್ಪಿಸಿದ ಮೇಲೆ ಕೂದಲು ಕೆಲವು ತಿಂಗಳಲ್ಲಿ ತಾನಾಗಿ ಉದುರಿದೆ. ಆದರೂ ಮಕ್ಕಳ ವೈದ್ಯರಿಗೆ ತೋರಿಸಿ, ಹೃದಯವನ್ನೂ ಪರೀಕ್ಷಿಸಲಿ. ನಿಮ್ಮ ಯಜಮಾನರು ಹಚ್ಚಿದ ಕೂಡಲೇ ಕೈ ತೊಳೆಯಬೇಕು, ಅವರ ದಿಂಬಿನ ಮೇಲೆ ಮಗುವನ್ನು ಮಲಗಿಸಬಾರದು. ಮಗು ದೊಡ್ಡದಾಗುವವರೆಗೆ ಹಚ್ಚುವುದನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಬೆಕ್ಕಿದ್ದರೆ ಅದೂ ದೂರವಿರಲಿ. ಅದಕ್ಕೆ ಈ ದ್ರಾವಣದ ಕೆಲವು ಹನಿಗಳೇ ವಿಷ.