"ಚೆನ್ನಾಗಿತ್ತು" ಅಂತ ಯಾಕೆ ಹೇಳಿದೆ?

ಆತ್ಮೀಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಓದಿದೆ. ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಹೋಟೆಲ್ ಹೆಸರನ್ನೂ ಬಿಟ್ಟಿದ್ದೇನೆ, ಯಾಕೆಂದರೆ ಅವರ ಕಡೆಯ ಮಾತು ನಾನು ಕೇಳಿಲ್ಲ. ಆದರೆ ಎರಡು ಸಾಲು ಉತ್ತರ ಬರೆದು ಮುಗಿಸುವ ಪತ್ರ ಇದಲ್ಲ ಅನ್ನಿಸಿತು.

ಬೇರೆ ಓದುಗರಿಗಾಗಿ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಮದುವೆಯಾಗಿ 25 ವರ್ಷ ಆಯಿತು ಅಂತ ನೀವೂ ನಿಮ್ಮ ಯಜಮಾನರೂ ಊರಾಚೆ ಕೆರೆ ಪಕ್ಕದ ಒಂದು ಹೋಟೆಲ್‌ಗೆ ಹೋದಿರಿ. ಎರಡು ರಾತ್ರಿಗೆ. ಮೂರು ಗಂಟೆಗೆ ರೂಮು ಕೊಡುತ್ತೇವೆ ಅಂದಿದ್ದರು, ಸಿಕ್ಕಿದ್ದು ಐದೂವರೆಗೆ. ಕೆರೆ ಕಾಣುವ ರೂಮು ಅಂತ ಜಾಸ್ತಿ ದುಡ್ಡು ಕಟ್ಟಿದ್ದಿರಿ, ಕಿಟಕಿ ತೆಗೆದರೆ ಕಂಡದ್ದು ಜನರೇಟರ್ ಶೆಡ್ಡು. ಮಂಚದ ಹಿಂದಿನ ಗೋಡೆ ಹಸಿ ಹಸಿ, ಹೊದಿಕೆಗೂ ಅದೇ ಮುಗ್ಗಲು ವಾಸನೆ. ಬಿಸಿನೀರಿನ ನಲ್ಲಿಯಲ್ಲಿ ಬಂದದ್ದು ಉಗುರುಬೆಚ್ಚಗಿನ ನೀರು. ರಾತ್ರಿ ಊಟಕ್ಕೆ ಎಂಟೂಕಾಲಿಗೇ ಹೋಗಿ ಕೂತಿರಿ, ಯಾರೂ ಕೇಳಲು ಬರಲಿಲ್ಲ, ಒಂಬತ್ತಕ್ಕೆ ಬಂದವರು "ಅಡುಗೆಮನೆ ಮುಚ್ಚಿತು" ಅಂದರು. ರಿಸೆಪ್ಷನ್‌ನಲ್ಲಿದ್ದ ಹುಡುಗಿಗೆ ಹೇಳಿದರೆ "ಮ್ಯಾನೇಜರ್ ಸೋಮವಾರ ಬರ್ತಾರೆ" ಅನ್ನುವ ಉತ್ತರ. ಕೊನೆಗೆ ಹೊರಡುವ ದಿನ ಅದೇ ಹುಡುಗಿ ಬಿಲ್ ಮುಂದಿಟ್ಟು "ಹೇಗಿತ್ತು ಮೇಡಂ?" ಅಂದಾಗ ನೀವು "ಚೆನ್ನಾಗಿತ್ತು" ಅಂದುಬಿಟ್ಟಿರಿ.

ಹಸಿ ಗೋಡೆಗಿಂತ ಆ ಒಂದು ಮಾತೇ ಈಗಲೂ ಚುಚ್ಚುತ್ತಿದೆ ಅಂತ ಬರೆದಿದ್ದೀರಿ. ಯಾಕೆ ಹಾಗಂದೆ? ನಾನೇ ಜಾಸ್ತಿ ನಿರೀಕ್ಷೆ ಇಟ್ಟುಕೊಂಡಿದ್ದೆನಾ? "ಬಿಡು, ಆಗಿದ್ದಾಯ್ತು" ಅಂತ ಯಜಮಾನರು ಹೇಳುತ್ತಿದ್ದಾರೆ, ಈಗ ದೂರು ಕೊಟ್ಟರೆ ಸಣ್ಣತನ ಆಗುತ್ತಾ?

ಎರಡನೆಯದು ಸುಲಭ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಇಲ್ಲ, ನೀವು ಜಾಸ್ತಿ ಏನೂ ಕೇಳಿಲ್ಲ. ಕೆರೆ ಕಾಣುವ ರೂಮಿಗೆ ದುಡ್ಡು ತಗೊಂಡ ಮೇಲೆ ಕೆರೆ ಕಾಣಬೇಕು. ಅದು ನಿರೀಕ್ಷೆಯಲ್ಲ, ಲೆಕ್ಕ. ಒಣಗಿದ ಹಾಸಿಗೆ, ಬಿಸಿನೀರು, ಹೊತ್ತಿಗೆ ಊಟ, ಇವು ಹೋಟೆಲ್ ಅನ್ನುವ ಮಾತಿನ ಒಳಗೇ ಇರುವಂಥವು.

"ನಾಲ್ಕು ಸ್ಟಾರ್ ಅಂತ ಇತ್ತಲ್ಲ" ಅಂತಲೂ ಕೇಳಿದ್ದೀರಿ. ಸ್ಟಾರ್ ಬಗ್ಗೆ ತುಂಬಾ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಇಡೀ ಜಗತ್ತಿಗೆ ಅನ್ವಯಿಸುವ ಒಂದೇ ಸ್ಟಾರ್ ಪದ್ಧತಿ ಇಲ್ಲ. ಒಂದೊಂದು ದೇಶಕ್ಕೆ ಒಂದೊಂದು ನಿಯಮ, ಕೆಲವು ಕಡೆ ಸರ್ಕಾರ ಕೊಡುತ್ತದೆ, ಕೆಲವು ಕಡೆ ಹೋಟೆಲ್‌ಗಳ ಸಂಘ ಕೊಡುತ್ತದೆ. ಯುರೋಪಿನ ಕೆಲವು ದೇಶಗಳ ಹೋಟೆಲ್ ಸಂಘಗಳು ಸೇರಿ 'ಹೋಟೆಲ್‌ಸ್ಟಾರ್ಸ್ ಯೂನಿಯನ್' ಅಂತ ಮಾಡಿಕೊಂಡು ಒಂದೇ ಅಳತೆಗೆ ಬಂದದ್ದೇ 2009ರಲ್ಲಿ. ಇನ್ನು ಬುಕಿಂಗ್ ವೆಬ್‌ಸೈಟಿನಲ್ಲಿ ಹೆಸರಿನ ಪಕ್ಕ ಕಾಣುವ ನಕ್ಷತ್ರ ಎಷ್ಟೋ ಸಲ ಹೋಟೆಲ್‌ನವರೇ ಹೇಳಿಕೊಂಡದ್ದು. ನಿಜವಾದ ಸ್ಟಾರ್ ಕೂಡ ಹೆಚ್ಚಾಗಿ ಇರುವ ವಸ್ತುಗಳ ಲೆಕ್ಕ: ಲಿಫ್ಟ್ ಇದೆಯಾ, ರೂಮಿನಲ್ಲಿ ತಿಜೋರಿ ಇದೆಯಾ, ರಿಸೆಪ್ಷನ್ ಎಷ್ಟು ಹೊತ್ತು ತೆರೆದಿರುತ್ತದೆ. ರಿಸೆಪ್ಷನ್ನಿನಲ್ಲಿ ಕೂತವರು ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರಾ ಅನ್ನುವುದಕ್ಕೆ ಸ್ಟಾರ್ ಇಲ್ಲ.

ಈಗ ಊರಾಚೆಯ ಹೋಟೆಲ್ ವಿಷಯಕ್ಕೆ ಬರುತ್ತೇನೆ. ಅಂಥ ಜಾಗ ನಡೆಸುವುದು ಕಷ್ಟ, ಅದನ್ನು ಒಪ್ಪಿಕೊಂಡೇ ಮಾತಾಡಬೇಕು. ಸೋಮವಾರದಿಂದ ಗುರುವಾರದವರೆಗೆ ಅರ್ಧ ರೂಮು ಖಾಲಿ, ಶನಿವಾರ ಬಂತೆಂದರೆ ಕಾಲಿಡಲು ಜಾಗ ಇರುವುದಿಲ್ಲ. ಎರಡು ದಿನದ ಗದ್ದಲಕ್ಕೆ ಬೇಕಾಗುವಷ್ಟು ಜನರನ್ನು ವಾರವಿಡೀ ಇಟ್ಟುಕೊಳ್ಳಲು ಆಗುವುದಿಲ್ಲ ಅಂತ ಮಾಲೀಕರು ಕಮ್ಮಿ ಜನರಲ್ಲೇ ತೂಗಿಸುತ್ತಾರೆ. ಒಂದು ರೂಮು ಸರಿಯಾಗಿ ಸ್ವಚ್ಛ ಮಾಡಲು ಸುಮಾರು ಅರ್ಧ ಗಂಟೆ ಬೇಕು. ಹನ್ನೊಂದಕ್ಕೆ 20 ರೂಮು ಖಾಲಿ ಆಗಿ, ಕೆಲಸಕ್ಕೆ ಇಬ್ಬರೇ ಇದ್ದರೆ, ಕೊನೆಯ ರೂಮು ತಯಾರಾಗುವಾಗ ನಾಲ್ಕು ದಾಟಿರುತ್ತದೆ. ನಿಮಗೆ ಐದೂವರೆ ಆದದ್ದು ಹೀಗೇ ಇರಬೇಕು. ಹಾಗಿದ್ದರೆ ಅದು ಬೆಳಿಗ್ಗೆಯೇ ಗೊತ್ತಿದ್ದ ಲೆಕ್ಕ. ಮಧ್ಯಾಹ್ನ ಒಂದಕ್ಕೆ ನಿಮಗೊಂದು ಫೋನ್ ಮಾಡಿ "ಸ್ವಲ್ಪ ನಿಧಾನ ಆಗುತ್ತೆ, ದಾರಿಯಲ್ಲೇ ಊಟ ಮುಗಿಸಿಕೊಂಡು ಬನ್ನಿ" ಅನ್ನಬಹುದಿತ್ತು.

ನೀರಿನ ವಿಷಯ ಸ್ವಲ್ಪ ಬೇರೆ. ಉಗುರುಬೆಚ್ಚಗಿನ ನೀರನ್ನು ನೀವು ಬರೀ ಅನನುಕೂಲ ಅಂತ ಬರೆದಿದ್ದೀರಿ. ಹೋಟೆಲ್ ನಡೆಸುವವರು ಅದನ್ನು ಅಷ್ಟು ಹಗುರಾಗಿ ತಗೊಳ್ಳುವಂತಿಲ್ಲ. ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವಿನ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಶವರ್‌ನ ತುಂತುರಿನ ಜೊತೆ ಉಸಿರಿನಲ್ಲಿ ಒಳಗೆ ಹೋದರೆ ನ್ಯುಮೋನಿಯಾ ತರಬಹುದು. ಅದಕ್ಕೆ ಆ ಹೆಸರು ಬಂದದ್ದೇ ಒಂದು ಹೋಟೆಲ್‌ನಲ್ಲಿ ನಡೆದ ಘಟನೆಯಿಂದ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಅಮೆರಿಕನ್ ಲೀಜನ್ ಅನ್ನುವ ಮಾಜಿ ಸೈನಿಕರ ಸಂಘದ ಸಮ್ಮೇಳನ ನಡೆದಿತ್ತು, ಅದಕ್ಕೆ ಬಂದವರಲ್ಲಿ 29 ಜನ ತೀರಿಕೊಂಡರು. ಅಲ್ಲಿ ಅನುಮಾನ ಬಿದ್ದದ್ದು ಎ.ಸಿ. ವ್ಯವಸ್ಥೆಯ ಮೇಲೆ, ಆದರೆ ಆಮೇಲೆ ನೀರಿನ ಕೊಳವೆಗಳ ಬಗ್ಗೆಯೂ ಎಚ್ಚರ ಬಂತು. ಬಿಸಿನೀರನ್ನು 60 ಡಿಗ್ರಿಯಲ್ಲಿ ಇಡಬೇಕು, ದಿನಗಟ್ಟಲೆ ಖಾಲಿ ಇದ್ದ ರೂಮಿನ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಬಿಟ್ಟು ಹರಿಸಬೇಕು ಅನ್ನುವ ಪದ್ಧತಿ ಅದಕ್ಕೇ ಇರುವುದು. ನೀವು ಹೆದರಬೇಡಿ, ಒಂದು ದಿನ ನಲ್ಲಿಯಲ್ಲಿ ಬೆಚ್ಚಗಿನ ನೀರು ಬಂದ ಮಾತ್ರಕ್ಕೆ ರೋಗ ಅಂತಲ್ಲ. ಬಾಯ್ಲರ್‌ನಿಂದ ರೂಮು ದೂರ ಇದ್ದರೂ ಹಾಗಾಗುತ್ತದೆ. ಆದರೆ ವಾರವಿಡೀ ಖಾಲಿ ಬೀಳುವ ಹೋಟೆಲ್‌ನಲ್ಲಿ "ನೀರು ಬಿಸಿ ಇಲ್ಲ" ಅಂತ ಅತಿಥಿ ಹೇಳಿದಾಗ ಅದು ಕೊರಗು ಅಲ್ಲ, ಸುದ್ದಿ. ಯಾರಾದರೂ ಹೋಗಿ ನೋಡಬೇಕು.

ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಊಟದ ವಿಷಯ. ಪೇಟೆಯ ಹೋಟೆಲ್‌ನಲ್ಲಿ ಅಡುಗೆಮನೆ ಮುಚ್ಚಿದರೆ ಎದುರಿನ ಅಂಗಡಿಗೆ ಹೋಗಿ ಏನಾದರೂ ತಿಂದು ಬರಬಹುದು. ಊರಾಚೆಯ ಹೋಟೆಲ್‌ನಲ್ಲಿ ಎಲ್ಲಿಗೆ ಹೋಗುತ್ತೀರಿ? ಹೊರಗೆ ಕತ್ತಲು, ದಾರಿ ಗೊತ್ತಿಲ್ಲ, ಹತ್ತಿರದಲ್ಲಿ ಒಂದು ಮನೆಯೂ ಇಲ್ಲ. ಆ ಪ್ರಶಾಂತತೆಯನ್ನೇ ಅವರು ಫೋಟೋ ಹಾಕಿ ಮಾರುತ್ತಾರೆ, ಅಲ್ವಾ? ಬೇರೆ ದಿಕ್ಕಿಲ್ಲದ ಜಾಗಕ್ಕೆ ಕರೆಸಿಕೊಂಡ ಮೇಲೆ ಹೊಟ್ಟೆಯ ಹೊಣೆಯೂ ಅವರದೇ. ಒಂಬತ್ತಕ್ಕೆ ಒಲೆ ಆರಿಸುವುದಿದ್ದರೆ ಎಂಟೂಕಾಲಿಗೆ ಬಂದವರನ್ನು ಎಂಟೂವರೆಗೆ ಕೇಳಬೇಕು. ಮರೆತುಹೋಯಿತಾ, ಸರಿ, ಎರಡು ಬ್ರೆಡ್ಡು, ಒಂದು ಬಿಸಿ ಸೂಪು, ಏನಾದರೂ ತಂದುಕೊಡಲು ಬಾಣಸಿಗರೇ ಬೇಕಾಗಿಲ್ಲ. ಮದುವೆಯ 25ನೇ ವರ್ಷದ ದಿನ ನೀವಿಬ್ಬರೂ ಚೀಲದಲ್ಲಿದ್ದ ಬಿಸ್ಕತ್ತು ತಿಂದು ಮಲಗಿದಿರಿ ಅಂತ ಬರೆದ ಸಾಲು ಓದಿ ನನಗೆ ಸಂಕಟವಾಯಿತು.

ನನ್ನದೇ ಎರಡು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಹೋಟೆಲ್‌ನಲ್ಲಿ ಚಳಿಗೆ ಇನ್ನೊಂದು ಕಂಬಳಿ ಕೇಳಿದೆ. ಸಂಜೆ ಒಬ್ಬರಿಗೆ ಹೇಳಿದೆ, "ಆಯ್ತು ಸಾರ್" ಅಂದರು. ಎಂಟಕ್ಕೆ ಇನ್ನೊಬ್ಬರಿಗೆ, ಹತ್ತಕ್ಕೆ ಮತ್ತೊಬ್ಬರಿಗೆ. ಮೂವರೂ ಮೊದಲ ಸಲ ಕೇಳುವವರ ಹಾಗೆ ಕೇಳಿಸಿಕೊಂಡರು, ಒಬ್ಬರೂ ಬರೆದುಕೊಳ್ಳಲಿಲ್ಲ. ಕಂಬಳಿ ಬರಲಿಲ್ಲ. ರಾತ್ರಿಯಿಡೀ ಕೋಟು ಹಾಕಿಕೊಂಡು ಮಲಗಿದೆ.

ಇನ್ನೊಂದು ಕಡೆ, ಅದಕ್ಕಿಂತ ಹಳೆಯ, ಬಡ ಹೋಟೆಲ್ಲು. ಮಂಚದ ಮೇಲಿನ ಬಲ್ಬು ಪುಕುಪುಕು ಅಂತಿತ್ತು. ಕೆಳಗೆ ಹೋಗಿ ಹೇಳಿದೆ. ವಯಸ್ಸಾದ ಒಬ್ಬರು ಹೊಸ ಬಲ್ಬು ಹಿಡಿದು ಬಂದರು, ಕುರ್ಚಿಯ ಮೇಲೆ ಒಂದು ಹಳೇ ಪೇಪರು ಹಾಸಿ ಅದರ ಮೇಲೆ ಹತ್ತಿದರು, ಬಲ್ಬು ಬದಲಿಸಿ ಎರಡು ಸಲ ಸ್ವಿಚ್ ಹಾಕಿ ತೆಗೆದು ನೋಡಿದರು. ಹೊರಡುತ್ತಾರೆ ಅಂದುಕೊಂಡೆ. ಹೊರಡಲಿಲ್ಲ. ಬಚ್ಚಲಿನ ದೀಪ ಹಾಕಿ ನೋಡಿದರು, ಮೇಜಿನ ದೀಪ ಹಾಕಿ ನೋಡಿದರು, "ಇವೆಲ್ಲ ಸರಿ ಇವೆ" ಅಂತ ಹೇಳಿ ಪೇಪರು ಮಡಚಿಕೊಂಡು ಹೋದರು. ಆ ಹೋಟೆಲ್‌ನಲ್ಲಿ ಬಾಗಿಲೂ ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ. ಆದರೂ ನಾನು ಅಲ್ಲಿಗೆ ಇನ್ನೂ ಎರಡು ಸಲ ಹೋದೆ.

ಇದರ ಬಗ್ಗೆ ಅಧ್ಯಯನಗಳೂ ಆಗಿವೆ. ಎಡವಟ್ಟು ಆದಮೇಲೆ ಅದನ್ನು ಚೆನ್ನಾಗಿ ಸರಿಪಡಿಸಿದರೆ, ಏನೂ ಎಡವಟ್ಟು ಆಗದ ಗಿರಾಕಿಗಿಂತ ಆ ಗಿರಾಕಿಯೇ ಹೆಚ್ಚು ಖುಷಿಯಾಗಿರಬಹುದು ಅನ್ನುವ ಮಾತು 1990ರ ದಶಕದಿಂದ ಚರ್ಚೆಯಲ್ಲಿದೆ. ಎಲ್ಲ ಕಡೆಯೂ ಅದು ನಿಜವಾಗಿಲ್ಲ, ದೊಡ್ಡ ತಪ್ಪಿಗೆ, ಎರಡನೇ ಸಲದ ತಪ್ಪಿಗೆ ಆ ಲಾಭ ಸಿಗುವುದಿಲ್ಲ. ಆದರೆ ಒಂದು ಮಾತಂತೂ ನಿಜ. ಎದುರಿಗೆ ನಿಂತವರ ಕೈಯಲ್ಲಿ ಏನಾದರೂ ಅಧಿಕಾರ ಇರಬೇಕು. ರಿಟ್ಜ್-ಕಾರ್ಲ್‌ಟನ್ ಹೋಟೆಲ್ ಸಂಸ್ಥೆಯವರು, ಅತಿಥಿಯ ಸಮಸ್ಯೆ ಬಗೆಹರಿಸಲು ಯಾವ ಸಿಬ್ಬಂದಿಯಾದರೂ ಮೇಲಿನವರನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು ಅಂತ ನಿಯಮ ಇಟ್ಟಿರುವುದು ಆ ಉದ್ಯಮದಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕ ಹೋಟೆಲ್‌ಗೆ ಅಷ್ಟು ದುಡ್ಡು ಬೇಡ. ಇನ್ನೊಂದು ರೂಮಿನ ಕೀಲಿ ಕೊಡುವ ಅಧಿಕಾರ, ಒಂದು ಊಟದ ಬಿಲ್ ಬಿಡುವ ಅಧಿಕಾರ ಸಾಕು. ನಿಮಗೆ "ಸೋಮವಾರ" ಅಂದ ಆ ಹುಡುಗಿಯ ಕೈಯಲ್ಲಿ ಅಷ್ಟೂ ಇರಲಿಲ್ಲ ಅಂತ ಕಾಣುತ್ತದೆ. ಶನಿವಾರ ಜನ ತುಂಬಿದಾಗ ಮ್ಯಾನೇಜರ್ ಇಲ್ಲ, ಖಾಲಿ ಇರುವ ಸೋಮವಾರ ಇರುತ್ತಾರೆ. ಈ ಏರ್ಪಾಡು ಮಾಡಿದ್ದು ಅವಳಲ್ಲ. ಬೈಸಿಕೊಳ್ಳಬೇಕಾದವರು ಕೌಂಟರ್‌ನ ಹಿಂದೆ ಇರಲೇ ಇಲ್ಲ.

ನೀವು "ಚೆನ್ನಾಗಿತ್ತು" ಅಂದದ್ದಕ್ಕೂ ಇದೇ ಕಾರಣ ಅಂತ ನನಗನ್ನಿಸುತ್ತದೆ. ಅವಳ ಮುಖ ನೋಡಿದಿರಿ, ಇವಳಿಗೆ ಹೇಳಿ ಏನು ಪ್ರಯೋಜನ, ಸುಮ್ನೆ ಬೇಜಾರು ಮಾಡೋದು ಯಾಕೆ ಅಂದುಕೊಂಡಿರಿ. ಅದು ಹೇಡಿತನ ಅಲ್ಲ, ದಾಕ್ಷಿಣ್ಯ. ಜೊತೆಗೆ ಆ ಪ್ರಶ್ನೆ ಬಂದದ್ದೂ ಎಲ್ಲ ಮುಗಿದ ಮೇಲೆ. ಕಾರು ಹೊರಗೆ ಕಾಯುತ್ತಿದೆ, ಕಾರ್ಡ್ ಉಜ್ಜಿ ಆಗಿದೆ, ಆವಾಗ "ಹೇಗಿತ್ತು" ಅಂತ ಕೇಳಿದರೆ ಯಾರು ತಾನೇ ನಿಂತು ಎರಡು ದಿನದ ಕಥೆ ಹೇಳುತ್ತಾರೆ? ಅದನ್ನು ಮೊದಲ ದಿನ ಸಂಜೆ, ರೂಮಿಗೆ ಹೋಗಿ ಅರ್ಧ ಗಂಟೆ ಆದಮೇಲೆ ಫೋನ್ ಮಾಡಿ ಕೇಳಬೇಕು. ಆಗ ಕೇಳಿದರೆ ಸರಿಪಡಿಸಲು ಟೈಮ್ ಇರುತ್ತದೆ. ಈ ಪುಟ ಓದುತ್ತಿರುವ ಹೋಟೆಲ್ ಮಾಲೀಕರು ಯಾರಾದರೂ ಇದ್ದರೆ ದಯವಿಟ್ಟು ಇದೊಂದನ್ನು ನಾಳೆಯಿಂದಲೇ ಮಾಡಿ. ರಿಸೆಪ್ಷನ್ನಿನಲ್ಲಿ ಒಂದು ನೋಟ್‌ಬುಕ್ ಇಡಿ, ಯಾರು ಏನು ಹೇಳಿದರು ಅಂತ ರೂಮ್ ನಂಬರ್ ಸಮೇತ ಬರೆಯಿರಿ, ಪಾಳಿ ಬದಲಾದಾಗ ಮುಂದಿನವರು ಓದಲಿ.

ಇನ್ನು ದೂರು. ಕೊಡಿ. ಸಣ್ಣತನ ಏನೂ ಇಲ್ಲ. ಮುಂದಿನ ಸಲ ಆದರೆ ಅಲ್ಲೇ, ಆಗಲೇ, ಚೀಲ ಬಿಚ್ಚುವ ಮೊದಲೇ ಹೇಳಿ. ಹಸಿ ಗೋಡೆ ನೋಡಿದ ತಕ್ಷಣ ಚೀಲ ಹಿಡಿದೇ ಕೆಳಗೆ ಬಂದು "ಬೇರೆ ರೂಮು ಕೊಡಿ" ಅನ್ನಿ. ಚೀಲ ಬಿಚ್ಚಿ ಒಂದು ರಾತ್ರಿ ಮಲಗಿದ ಮೇಲೆ ನಿಮ್ಮ ಮಾತಿನ ತೂಕ ಅರ್ಧ ಇಳಿಯುತ್ತದೆ. ಈ ಸಲದ್ದು ಮುಗಿದಿದೆ, ಆದರೂ ದಾರಿ ಇದೆ. ಮ್ಯಾನೇಜರ್‌ಗಲ್ಲ, ಮಾಲೀಕರಿಗೇ ಒಂದು ಪುಟದ ಇಮೇಲ್ ಬರೆಯಿರಿ. ಬುಕಿಂಗ್ ನಂಬರ್, ತಾರೀಖು, ರೂಮ್ ನಂಬರ್, ಯಾವ ಹೊತ್ತಿಗೆ ಯಾರಿಗೆ ಏನು ಹೇಳಿದಿರಿ, ಅವರು ಏನಂದರು, ಇಷ್ಟೇ ಇರಲಿ. ಯಜಮಾನರು ತೆಗೆದ ಗೋಡೆಯ ಫೋಟೋ, ಕಿಟಕಿಯ ಫೋಟೋ, ಬುಕಿಂಗ್‌ನಲ್ಲಿ "ಕೆರೆ ಕಾಣುವ ರೂಮು" ಅಂತ ಇರುವ ಪುಟ, ಮೂರನ್ನೂ ಲಗತ್ತಿಸಿ. ವಿಶೇಷಣಗಳು ಬೇಡ. "ದರಿದ್ರ ಹೋಟೆಲ್" ಅಂತ ಬರೆದರೆ ಅವರು ಸಿಟ್ಟಾಗುತ್ತಾರೆ, "ಐದೂವರೆಗೆ ಕೀಲಿ ಕೊಟ್ಟರು" ಅಂತ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಏನು ಬೇಕು ಅನ್ನುವುದನ್ನೂ ಬಾಯಿಬಿಟ್ಟು ಕೇಳಿ. ಕೆರೆ ಕಾಣುವ ರೂಮಿಗೂ ಮಾಮೂಲಿ ರೂಮಿಗೂ ಇರುವ ದರದ ವ್ಯತ್ಯಾಸ ವಾಪಸ್ ಕೇಳುವುದು ನ್ಯಾಯ. ಮೊದಲ ರಾತ್ರಿಯ ಬಾಡಿಗೆಯಲ್ಲಿ ಒಂದು ಪಾಲು ಕೇಳಿದರೂ ತಪ್ಪಿಲ್ಲ. "ಮುಂದಿನ ಸಲ ಬಂದಾಗ ರಿಯಾಯಿತಿ ಕೊಡ್ತೀವಿ" ಅಂದರೆ, ಮತ್ತೆ ಹೋಗುವ ಮನಸ್ಸಿಲ್ಲದಿದ್ದರೆ ಒಪ್ಪಿಕೊಳ್ಳಬೇಡಿ. ಎರಡು ವಾರ ಗಡುವು ಕೊಡಿ. ವೆಬ್‌ಸೈಟ್ ಮೂಲಕ ಬುಕ್ ಮಾಡಿದ್ದರೆ ಅವರಿಗೂ ಅದೇ ಪತ್ರ ಕಳಿಸಿ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿಗೂ ತಕರಾರು ಹಾಕಬಹುದು, ಆದರೆ ಅಲ್ಲಿ "ಸೇವೆ ಚೆನ್ನಾಗಿರಲಿಲ್ಲ" ಅನ್ನುವುದು ನಿಲ್ಲುವುದು ಕಷ್ಟ, "ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು" ಅನ್ನುವುದು ನಿಲ್ಲುತ್ತದೆ. ಅದಕ್ಕೂ ಗಡುವು ಇರುತ್ತದೆ, ತಡ ಮಾಡಬೇಡಿ. ಇದೆಲ್ಲ ಆದಮೇಲೆ ರಿವ್ಯೂ ಬರೆಯುವುದಾದರೆ ಬರೆಯಿರಿ, ಕಂಡದ್ದನ್ನು ಕಂಡ ಹಾಗೆ. ಆ ಹುಡುಗಿಯ ಹೆಸರು ಮಾತ್ರ ಎಲ್ಲೂ ಹಾಕಬೇಡಿ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದೇ ಒಂದು ಸಾಲು ಬೇರೆ ಥರ ಇದೆ. ಎರಡನೇ ದಿನ ಬೆಳಿಗ್ಗೆ ಆರಕ್ಕೆ ಇಬ್ಬರೂ ಎದ್ದು ಕೆರೆ ಸುತ್ತ ನಡೆದಿರಿ, ಮಂಜು ಇತ್ತು, ಒಂದು ಗಂಟೆ ಇಬ್ಬರೂ ಮಾತೇ ಆಡಲಿಲ್ಲ ಅಂತ. ಆ ಬೆಳಿಗ್ಗೆಯನ್ನು ಹೋಟೆಲ್‌ನವರು ಕೊಟ್ಟದ್ದಲ್ಲ, ಅದನ್ನು ದೂರಿನ ಪತ್ರದಲ್ಲಿ ಬರೆಯಬೇಕಾಗಿಯೂ ಇಲ್ಲ.

ಇಮೇಲ್‌ನ ಕರಡು ಮಾಡಿ ನನಗೊಮ್ಮೆ ಕಳಿಸಿ, ಕಳಿಸುವ ಮೊದಲು ನೋಡಿಕೊಡುತ್ತೇನೆ. ಅವರಿಂದ ಉತ್ತರ ಬಂದರೆ, ಅವರು ಒಪ್ಪಿದರೆ, ಅದನ್ನೂ ಇದೇ ಪುಟದಲ್ಲಿ ಹಾಕೋಣ. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

— ಸಂಪಾದಕ