ರೀಲ್ಸ್ ನೋಡಿ ಕೊಂಡದ್ದು, ವಾಟ್ಸ್‌ಆ್ಯಪ್‌ನಲ್ಲಿ ಮಾರಿದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಈಗ ಸೀರೆ, ಹಪ್ಪಳ, ಕ್ರೀಮು, ಕೊನೆಗೆ ದೋಸೆಗೂ ಗಿರಾಕಿ ಮೊದಲು ಸಿಗುವುದು ಫೋನಿನಲ್ಲೇ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದೇ ವಿಷಯದವು. ಐದನ್ನು ಆಯ್ದುಕೊಂಡಿದ್ದೇವೆ.

ಇನ್‌ಸ್ಟಾಗ್ರಾಂ ಪೇಜೊಂದರಲ್ಲಿ ‘ಪಕ್ಕಾ ಕೈಮಗ್ಗದ ಇಳಕಲ್’ ಎಂದಿದ್ದನ್ನು ನಂಬಿ 1,450 ರೂಪಾಯಿ ಯುಪಿಐ ಮಾಡಿ ಸೀರೆ ತರಿಸಿದೆ. ಬಂದದ್ದು ಮಶಿನ್ ಸೀರೆ ಅಂತ ನಮ್ಮ ಅಕ್ಕ ಹೇಳುತ್ತಾರೆ. ಕೇಳಿದರೆ ‘ನೋ ರಿಟರ್ನ್, ಅನ್‌ಬಾಕ್ಸಿಂಗ್ ವಿಡಿಯೊ ಇಲ್ಲದಿದ್ದರೆ ಏನೂ ಮಾಡಕ್ಕಾಗಲ್ಲ’ ಅಂದು ಬ್ಲಾಕ್ ಮಾಡಿದರು. ದುಡ್ಡು ವಾಪಸ್ ಬರುತ್ತದೆಯೇ?
— ಹುಬ್ಬಳ್ಳಿಯ ಓದುಗರು

ಮೊದಲು ಸೀರೆಯನ್ನೇ ನೋಡೋಣ. ದೂರಿಗೆ ಬಲ ಬರುವುದು ಅಲ್ಲಿಂದ. ಇಳಕಲ್ ಸೀರೆಯ ಗುಟ್ಟು ಇರುವುದು ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿ. ಅಲ್ಲಿ ಒಡಲಿನ ಹಾಸಿನ (ಉದ್ದಕ್ಕೆ ಓಡುವ) ಎಳೆಗಳಿಗೆ ಸೆರಗಿನ ಕೆಂಪು ಹಾಸಿನ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯನ್ನು ತಿರುವಿ ಹಾಕಿ ಆ ಗೆರೆಯ ಮೇಲೆ ಬೆರಳಾಡಿಸಿದರೆ ಸಣ್ಣ ಏಣು ತಾಗುತ್ತದೆ. ಆಮೇಲೆ ಸೆರಗಿನ ತುದಿಯಲ್ಲಿ ಬಿಟ್ಟ ಎಳೆಗಳನ್ನು ಬಿಡಿಸಿ ನೋಡಿ. ಒಡಲು ಹಸಿರಾಗಿದ್ದು, ಕೊಂಡಿ ನಿಜವಾಗಿದ್ದರೆ, ತುದಿಯಲ್ಲಿ ಹಸಿರು ಎಳೆ ಕಾಣಬಾರದು. ಅಲ್ಲಿಯ ಹಾಸೆಲ್ಲ ಸೆರಗಿನದೇ ಆಗಿರಬೇಕು. ಹಸಿರು ಎಳೆ ತುದಿಯವರೆಗೂ ಓಡಿದ್ದರೆ ಹಾಸು ಒಂದೇ, ಕೊಂಡಿಯೇ ಹಾಕಿಲ್ಲ. ಸೆರಗಿನ ಗೋಪುರದಂಥ ಬಿಳಿ ವಿನ್ಯಾಸ ಹಿಂಬದಿಯಲ್ಲಿ ಮಸುಕಾಗಿದ್ದರೆ ಅದು ಪ್ರಿಂಟು. ಒಂದು ಎಚ್ಚರ: ಕೊಂಡಿ ಇಲ್ಲದ್ದು ಸಾಂಪ್ರದಾಯಿಕ ಇಳಕಲ್ ಅಲ್ಲ, ನಿಜ. ಹಾಗಂತ ಕೊಂಡಿ ಇದ್ದ ಮಾತ್ರಕ್ಕೆ ಕೈಮಗ್ಗದ್ದೇ ಎಂದು ಹೇಳಲಾಗದು. ಅದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ (ಕೈಮಗ್ಗದ್ದು ಎಂದು ಹೇಳುವ ಸರ್ಕಾರಿ ಗುರುತು) ಕೇಳಬೇಕು. ಈ ಮೂರು ಜಾಗದ ಫೋಟೊಗಳನ್ನು ಹಗಲು ಬೆಳಕಿನಲ್ಲಿ ತೆಗೆದಿಡಿ.

ಇನ್ನು ದುಡ್ಡಿನ ವಿಷಯ. ‘ನೋ ರಿಟರ್ನ್’ ಎಂದು ಬರೆದುಕೊಂಡ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಬಣ್ಣ ಇಷ್ಟವಾಗಲಿಲ್ಲ ಎಂದರೆ ಅವರ ಮಾತು ನಡೆಯಬಹುದು. ಆದರೆ ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು ಎಂದಾಗ ನಡೆಯದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಕರೆಯುತ್ತದೆ. ಅನ್‌ಬಾಕ್ಸಿಂಗ್ ವಿಡಿಯೊ ಇದ್ದರೆ ಒಳ್ಳೆಯ ಸಾಕ್ಷಿ, ಇಲ್ಲದಿದ್ದರೆ ಹಕ್ಕು ಹೋಗುವುದಿಲ್ಲ.

ಪಾರ್ಸೆಲ್ ಕವರ್ ಎಸೆದಿಲ್ಲ ತಾನೇ? ಪೇಜಿನಲ್ಲಿ ವಿಳಾಸ ಇರುವುದಿಲ್ಲ, ಆದರೆ ಕವರ್ ಮೇಲಿನ ಚೀಟಿಯಲ್ಲಿ ಕಳಿಸಿದವರ ವಿಳಾಸ ಮತ್ತು ಟ್ರ್ಯಾಕಿಂಗ್ ನಂಬರ್ ಇರುತ್ತವೆ. ದೂರು ಕೊಡುವಾಗ ಬಹಳ ಜನ ತಡವರಿಸುವುದು ಈ ವಿಳಾಸಕ್ಕಾಗಿಯೇ. ಬ್ಲಾಕ್ ಆಗಿರುವುದರಿಂದ ಮನೆಯ ಬೇರೆಯವರ ಫೋನಿನಿಂದ ಪೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ. ‘ಕೈಮಗ್ಗ’ ಎಂದು ಬರೆದ ಪೋಸ್ಟ್ ಅದರಲ್ಲಿ ಕಾಣಬೇಕು. ಯುಪಿಐ ರಸೀದಿ, ಚಾಟ್ ಎರಡನ್ನೂ ಜೊತೆಗಿಡಿ. ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪುಟದ ಪತ್ರ ಬರೆದು 15 ದಿನ ಗಡುವು ಕೊಡಿ. ಜೊತೆಯಲ್ಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಇದರಲ್ಲೇ ಎಷ್ಟೋ ಸಲ ಬಗೆಹರಿಯುತ್ತದೆ. ಆಗದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ಸೂರತ್‌ನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ವಕೀಲರು ಬೇಕೇಬೇಕೆಂದಿಲ್ಲ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹೂಡಬೇಕು.

ಮುಂದಿನ ಸಲ ದುಡ್ಡು ಹಾಕುವ ಮೊದಲು ಪೇಜಿನ ಹೆಸರನ್ನು ಒತ್ತಿ ‘ಅಬೌಟ್ ದಿಸ್ ಅಕೌಂಟ್’ ತೆರೆಯಿರಿ. ಪೇಜ್ ಶುರುವಾದ ತಿಂಗಳು ಕಾಣುತ್ತದೆ, ಹಲವು ಪೇಜುಗಳಲ್ಲಿ ಎಷ್ಟು ಸಲ ಹೆಸರು ಬದಲಿಸಿದ್ದಾರೆ ಎನ್ನುವುದೂ ಸಿಗುತ್ತದೆ. ಹೋದ ವರ್ಷ ಮೊಬೈಲ್ ಕವರ್ ಮಾರುತ್ತಿದ್ದ ಪೇಜು ಈ ವರ್ಷ ‘ನೇಕಾರರ ಮನೆ’ ಆಗಿದ್ದರೆ ದೂರವಿರಿ. ಸೆರಗಿನ ಹಿಂಬದಿಯ ಫೋಟೊ ಕೇಳಿ. ನೇಯ್ದವರಿಂದಲೇ ತಂದು ಮಾರುವವರು ಅದನ್ನು ಖುಷಿಯಿಂದ ಕಳಿಸುತ್ತಾರೆ.

ಮನೆಯಲ್ಲೇ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಮಾರುತ್ತೇನೆ. ಈಗ ಮುಂಬಯಿ, ಪುಣೆಯಿಂದಲೂ ಕೇಳುತ್ತಿದ್ದಾರೆ. ಏನೇನು ತಯಾರಿ ಬೇಕು?
— ಶಿರಸಿಯ ಓದುಗರು

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಇಲ್ಲದೆ ಒಂದು ಪ್ಯಾಕೆಟ್ಟನ್ನೂ ಮಾರಬೇಡಿ. ಮನೆ ಮಟ್ಟದ ವ್ಯವಹಾರಕ್ಕೆ ಅದರ ಫಾಸ್ಕಾಸ್ ಪೋರ್ಟಲ್‌ನಲ್ಲಿ ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿ ನೀವೇ ಮಾಡಿಕೊಳ್ಳಬಹುದು. ಸಿಗುವ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಅದರ ಜೊತೆಗೆ ಪದಾರ್ಥಗಳ ಪಟ್ಟಿ (ಹೆಚ್ಚು ಹಾಕಿದ್ದು ಮೊದಲು), ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ಬ್ಯಾಚ್ ನಂಬರ್, ಎಂಆರ್‌ಪಿ, ಹಸಿರು ಚುಕ್ಕೆ, ನಿಮ್ಮ ಹೆಸರು, ವಿಳಾಸ, ಫೋನ್ ಬೇಕು. ಉಪ್ಪಿನಕಾಯಿಗೆ ಸಾಸಿವೆ ಹಾಕಿದ್ದರೆ ಅದನ್ನು ಪಟ್ಟಿಯಲ್ಲಿ ಬಿಡಬೇಡಿ.

ತೆರಿಗೆಯಲ್ಲಿ ಒಂದು ಸೂಕ್ಷ್ಮ ಇದೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ತೆರಿಗೆ ಬೀಳುವ ಆಹಾರವಸ್ತುವನ್ನು ಬೇರೆ ರಾಜ್ಯಕ್ಕೆ ಮಾರಲು, ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಆದ್ದರಿಂದ ಮೊದಲು ಮುಂಬಯಿಗೆ ಹಪ್ಪಳ ಮಾತ್ರ ಕಳಿಸಿ. ಉಪ್ಪಿನಕಾಯಿಗೆ ಬೇಡಿಕೆ ಗಟ್ಟಿಯಾದ ಮೇಲೆ ನೋಂದಣಿ ಮಾಡಿಸಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದದ್ದು ನೆನಪಿರಬಹುದು. ವ್ಯಾಪಾರದ ಹಣಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಂಡರೆ ಯಾರು ಕೇಳಿದರೂ ಲೆಕ್ಕ ಕೊಡಬಹುದು.

ದೂರದೂರಿಗೆ ಕಳಿಸುವಾಗ ಲಾಭ ಸೋರಿಹೋಗುವುದು ಕೊರಿಯರ್‌ನಲ್ಲಿ. ಅವರು ತೂಕ ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆ ಅಂಕಿ, ನಿಜ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ದರ. 30×30×20 ಪೆಟ್ಟಿಗೆಯಲ್ಲಿ ಒಂದು ಕೆಜಿ ಹಪ್ಪಳ ಹಾಕಿದರೆ ನೀವು ಕಟ್ಟುವುದು 3.6 ಕೆಜಿಯ ದುಡ್ಡು. ಹಪ್ಪಳದ ಅಳತೆಗೇ ಹೊಂದುವ ಪೆಟ್ಟಿಗೆ ಮಾಡಿಸಿ. 25ರ ಕಟ್ಟು ಕಟ್ಟಿ, ಮೇಲೆ ಕೆಳಗೆ ದಪ್ಪ ರಟ್ಟಿನ ಬಿಲ್ಲೆ ಇಟ್ಟು, ಅಲುಗಾಡದಂತೆ ಬಿಗಿಯಾಗಿ ಸುತ್ತಿ. ಹಪ್ಪಳ ಒಡೆಯುವುದು ಒಳಗೆ ಅಲುಗಾಡಲು ಜಾಗ ಇರುವುದರಿಂದಲೇ. ಬಿಸಿಲಿನಿಂದ ತೆಗೆದ ಬಿಸಿಯಲ್ಲೇ ಪ್ಯಾಕ್ ಮಾಡಿದರೆ ಒಳಗೆ ಬೆವರು ಕೂತು ಬೂಸ್ಟು ಹಿಡಿಯುತ್ತದೆ. ನೆರಳಲ್ಲಿ ಪೂರಾ ಆರಲಿ. ಉಪ್ಪಿನಕಾಯಿಗೆ ಗಾಜು ಬೇಡ. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಜಾರ್, ಮುಚ್ಚಳದಡಿ ಫಾಯಿಲ್ ಸೀಲ್, ಮೇಲೆ ಒಂದೆರಡು ಸೆಂಟಿಮೀಟರ್ ಖಾಲಿ, ಹೊರಗೆ ಇನ್ನೊಂದು ಮುಚ್ಚಿದ ಚೀಲ.

ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ. ಕ್ಯಾಟಲಾಗಿನಲ್ಲಿ ಬೆಲೆ ಹಾಕಿಡಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ಅದಕ್ಕಿಂತ ಮುಖ್ಯ ಸಂಗತಿ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ‘ಮೆಸೇಜ್ ಕಳಿಸಿದೆ, ಯಾರೂ ಆರ್ಡರ್ ಕೊಡಲಿಲ್ಲ’ ಎನ್ನುವವರಲ್ಲಿ ಹಲವರ ಮೆಸೇಜು ಹೋಗಿಯೇ ಇರುವುದಿಲ್ಲ. ಪ್ರತಿ ಪೆಟ್ಟಿಗೆಯಲ್ಲೂ ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಹಾಕಿ. ‘ಬೆಲೆಗೆ ಡಿಎಂ ಮಾಡಿ’ ಎಂಬ ರೂಢಿ ಮಾತ್ರ ಕಲಿಯಬೇಡಿ. ಒಟ್ಟು ಬೆಲೆ ತೋರಿಸಬೇಕು ಎಂಬುದು ಇ-ಕಾಮರ್ಸ್ ನಿಯಮ. ಬೆಲೆ ಕಾಣದಿದ್ದರೆ ಹೆಚ್ಚಿನವರು ಕೇಳುವ ಗೋಜಿಗೂ ಹೋಗುವುದಿಲ್ಲ.

ಪಿಯು ಓದುವ ಮಗಳು ರೀಲ್ಸ್ ನೋಡಿ ಮುಖಕ್ಕೆ ಸೀರಂ, ಕ್ರೀಮು ಅಂತ ತರಿಸುತ್ತಲೇ ಇದ್ದಾಳೆ. ಹೇಳುವವರು ನಿಜವಾಗಿ ಬಳಸಿ ಹೇಳುತ್ತಾರೋ, ದುಡ್ಡಿಗೆ ಹೇಳುತ್ತಾರೋ ತಿಳಿಯುವುದು ಹೇಗೆ?
— ಮೈಸೂರಿನ ಓದುಗರು

ಜಾಹೀರಾತು ಗುಣಮಟ್ಟ ಮಂಡಳಿ ಆಸ್ಕಿ 2021ರ ಜೂನ್ 14ರಿಂದ ಇದಕ್ಕೆ ನಿಯಮ ಮಾಡಿದೆ. ಹಣ ಪಡೆದಿದ್ದರೆ ಮಾತ್ರವಲ್ಲ, ವಸ್ತು ಪುಕ್ಕಟೆ ಬಂದಿದ್ದರೂ ‘ಜಾಹೀರಾತು’, ‘ಆ್ಯಡ್’, ‘ಸ್ಪಾನ್ಸರ್ಡ್’ ಇಂಥ ಗುರುತು ಹಾಕಬೇಕು. 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಅದು ಕನಿಷ್ಠ 3 ಸೆಕೆಂಡ್ ಇರಬೇಕು. 2 ನಿಮಿಷದೊಳಗಿನದಾದರೆ ಒಟ್ಟು ಅವಧಿಯ ಮೂರನೇ ಒಂದು ಭಾಗ. ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಹುದುಗಿಸುವಂತಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಗಟ್ಟಿಯಾಗಿದೆ: ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ.

ಗುರುತು ಹಾಕದವರೂ ಸಿಕ್ಕಿಬೀಳುತ್ತಾರೆ. ‘ನನ್ನ ಕೋಡ್ ಹಾಕಿ, ರಿಯಾಯಿತಿ ಸಿಗುತ್ತೆ’ ಎಂದರೆ ಸಾಮಾನ್ಯವಾಗಿ ಮಾರಾಟದಲ್ಲಿ ಅವರಿಗೂ ಪಾಲಿದೆ ಎಂದರ್ಥ. ಒಂದೇ ವಾರದಲ್ಲಿ ನಾಲ್ಕಾರು ಜನ ಒಂದೇ ಸೀರಂ ಬಗ್ಗೆ ಒಂದೇ ಮಾತು ಹೇಳಿದರೆ ಅದು ಪ್ರಚಾರ. ಪೇಜಿನಲ್ಲಿ ಆರು ತಿಂಗಳು ಹಿಂದಕ್ಕೆ ಹೋಗಿ ನೋಡಿ. ಪ್ರತಿ ತಿಂಗಳೂ ಬೇರೆ ಬೇರೆ ಕ್ರೀಮು ‘ನನ್ನ ಅಚ್ಚುಮೆಚ್ಚು’ ಆಗಿದ್ದರೆ ಯಾವುದನ್ನೂ ಅವರು ನೆಟ್ಟಗೆ ಬಳಸಿಲ್ಲ. ಮಗಳ ಜೊತೆ ಕೂತೇ ನೋಡಿ. ಬೈದರೆ ಕೇಳದ ಮಕ್ಕಳು ಇದನ್ನು ತಾವೇ ಹುಡುಕಿದಾಗ ಒಪ್ಪುತ್ತಾರೆ.

ನಿಜವಾದ ಅಪಾಯ ಇರುವುದು ‘ಏಳು ದಿನದಲ್ಲಿ ಬೆಳ್ಳಗೆ’ ಮಾಡುವ ಕ್ರೀಮಿನಲ್ಲಿ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್, ವೈದ್ಯರ ಚೀಟಿ ಇಲ್ಲದೆ ಮುಖಕ್ಕೆ ಹಚ್ಚುವಂಥದ್ದಲ್ಲ. ಮೊದಲು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಟ್ಟರೆ ಇನ್ನೂ ಹೆಚ್ಚಾಗುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ತಾವಾಗಿ ನಿಲ್ಲಿಸದೆ ಚರ್ಮದ ಡಾಕ್ಟರಿಗೆ ತೋರಿಸಿ. ಉಳಿದ ಕ್ರೀಮುಗಳಲ್ಲಿ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್, ಬಳಕೆಯ ಕೊನೆಯ ತಿಂಗಳು ಇವೆಯೇ ನೋಡಿ. ಹೊಸದನ್ನು ಮೊಣಕೈ ಒಳಮಡಿಕೆಗೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿದ ಮೇಲೆಯೇ ಮುಖಕ್ಕೆ.

ನಮ್ಮದು ಚಿಕ್ಕ ಬೆಣ್ಣೆದೋಸೆ ಹೋಟೆಲ್. ಒಬ್ಬ ವ್ಲಾಗರ್ ವಿಡಿಯೊ ಹಾಕಿದ ಮೇಲೆ ಹದಿನೈದು ದಿನ ಜಾತ್ರೆ, ಈಗ ಮೊದಲಿಗಿಂತ ಕಡಿಮೆ ಜನ. ಗೂಗಲ್‌ನಲ್ಲಿ ಕೆಟ್ಟ ರಿವ್ಯೂ ಬೇರೆ. ದುಡ್ಡು ಕೊಟ್ಟರೆ ಐದು ಸ್ಟಾರ್ ಹಾಕಿಸಿಕೊಡುತ್ತೇವೆ ಅಂತ ಫೋನ್ ಬರುತ್ತಿದೆ.
— ದಾವಣಗೆರೆಯ ಓದುಗರು

ಸ್ಟಾರ್ ಕೊಳ್ಳಬೇಡಿ. ಗೂಗಲ್ ಸುಳ್ಳು ರಿವ್ಯೂಗಳನ್ನು ಅಳಿಸುತ್ತದೆ, ಕೊಟ್ಟ ದುಡ್ಡು ಹೋಗುತ್ತದೆ, ಮಾರಿದವರು ನಾಳೆ ಒಂದು ಸ್ಟಾರ್ ಹಾಕುವ ಬೆದರಿಕೆಯನ್ನೂ ಒಡ್ಡಬಲ್ಲರು.

ಜನ ಕಡಿಮೆಯಾದದ್ದಕ್ಕೆ ಕಾರಣ ಹಂಚಿನ ಲೆಕ್ಕದಲ್ಲಿದೆ. ಹಂಚಿನ ಮೇಲೆ ಒಂದು ಸಲಕ್ಕೆ 8 ದೋಸೆ, ಒಂದು ಸರದಿಗೆ 5 ನಿಮಿಷ ಎಂದುಕೊಳ್ಳಿ. ಗಂಟೆಗೆ 96. ಹೊರಗೆ 60 ಜನ ನಿಂತು ತಲಾ ಎರಡು ಕೇಳಿದರೆ ಕೊನೆಯವರಿಗೆ ಸಿಗುವುದು ಒಂದೂಕಾಲು ಗಂಟೆಗೆ. ಅವಸರಕ್ಕೆ ಹಂಚು ಕಾಯುವ ಮೊದಲೇ ಹುಯ್ಯುತ್ತಾರೆ, ಬೆಳಗ್ಗೆ ರುಬ್ಬಿದ, ಹುಳಿಯೇರದ ಹಿಟ್ಟನ್ನೂ ಬಳಸುತ್ತಾರೆ. ವಿಡಿಯೊ ನೋಡಿ ಬಂದವರು ತಿಂದದ್ದು ಆ ದೋಸೆಯನ್ನೇ, ಬರೆದದ್ದೂ ಅದನ್ನೇ. ಕಾದು ಸುಸ್ತಾದ ಹಳೇ ಗಿರಾಕಿಗಳು ಪಕ್ಕದ ಹೋಟೆಲಿಗೆ ಹೊರಳಿದರು. ಇನ್ನೊಮ್ಮೆ ಹೀಗಾದರೆ ಟೋಕನ್ ಕೊಡಿ, ಕಾಯುವ ಸಮಯ ಬೋರ್ಡಿನಲ್ಲಿ ಬರೆಯಿರಿ, ಹಿಟ್ಟು ಮುಗಿದ ಕೂಡಲೇ ‘ಇವತ್ತಿಗೆ ಮುಗಿಯಿತು’ ಎಂದು ಹೇಳಿ. ಮಾಮೂಲಿ ಗಿರಾಕಿಗಳಿಗೆ ಬೆಳಗ್ಗೆ ಏಳರಿಂದ ಎಂಟು ಮೀಸಲಿಡಿ. ಬಂದಿರುವ ಕೆಟ್ಟ ರಿವ್ಯೂಗೆ ಎರಡು ಸಾಲಿನ ಉತ್ತರ ಕೊಡಿ: ಏನಾಗಿತ್ತು, ಈಗ ಏನು ಬದಲಿಸಿದ್ದೇವೆ. ಮುಂದೆ ಓದುವವರು ಸ್ಟಾರ್ ಜೊತೆಗೆ ನಿಮ್ಮ ಉತ್ತರವನ್ನೂ ಓದುತ್ತಾರೆ.

ಕಂಪನಿಯೊಂದರ ಮೇಲೆ ಎಕ್ಸ್‌ನಲ್ಲಿ ದೂರು ಬರೆದ ಹತ್ತೇ ನಿಮಿಷಕ್ಕೆ ‘ಕಸ್ಟಮರ್ ಕೇರ್’ ಅಂತ ಮೆಸೇಜ್ ಬಂತು. ರೀಫಂಡ್‌ಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರು. ಮಾಡಲೇ?
— ಕಲಬುರಗಿಯ ಓದುಗರು

ಬೇಡ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುವ ಕ್ರಮವೇ ಯುಪಿಐನಲ್ಲಿ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಬಹಿರಂಗ ದೂರುಗಳನ್ನು ವಂಚಕರೂ ಕಾದು ಓದುತ್ತಿರುತ್ತಾರೆ. ಕಂಪನಿಯ ಹೆಸರಿಗೆ ಒಂದು ಅಕ್ಷರ ಅಥವಾ ‘ಹೆಲ್ಪ್’ ಸೇರಿಸಿ ಖಾತೆ ತೆರೆದಿರುತ್ತಾರೆ. ನೀಲಿ ಟಿಕ್ ಈಗ ದುಡ್ಡಿಗೆ ಸಿಗುವುದರಿಂದ ಅದನ್ನೂ ನಂಬುವಂತಿಲ್ಲ. ಕಂಪನಿಯ ಆ್ಯಪ್ ಅಥವಾ ಬಿಲ್ಲಿನ ಮೇಲಿನ ನಂಬರನ್ನೇ ಬಳಸಿ. ಎಕ್ಸ್‌ನಲ್ಲಿ ಬರೆಯುವಾಗ ಫೋನ್ ನಂಬರ್, ಆರ್ಡರ್ ನಂಬರ್, ಬಿಲ್ಲಿನ ಫೋಟೊ ಹಾಕಬೇಡಿ. ಹಾಕಿದ್ದರೆ ಈಗಲೇ ಅಳಿಸಿ.

ಸ್ಕ್ಯಾನ್ ಮಾಡಿ ಹಣ ಹೋಗಿದ್ದರೆ ಬ್ಯಾಂಕಿಗೆ ಓಡುವ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಹಣ ವಂಚಕರ ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಹಿಡಿಯಲು ಇರುವ ದಾರಿ ಇದು. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಲಿಖಿತ ದೂರು, ಬ್ಯಾಂಕಿಗೆ ಅದರ ಪ್ರತಿ.