ಕಾವೇರಿ ಐದನೇ ಹಂತ ಬಂತು, ಇನ್ನು ನೀರಿನ ಚಿಂತೆ ಇಲ್ವಾ?

ಬೆಂಗಳೂರಿನ ಮಹದೇವಪುರದ ಕಡೆ ಫ್ಲಾಟ್ ತಗೊಳ್ತಿದ್ದೀರಿ, ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಬಂದ ಮೇಲೆ ಇಪ್ಪತ್ತು ವರ್ಷ ನಿಶ್ಚಿಂತೆಯಾಗಿ ಇರಬಹುದಾ ಅಂತ ಕೇಳಿದ್ದೀರಿ. ನನ್ನ ಉತ್ತರ: ಈಗ ಅನುಕೂಲ ಖಂಡಿತ, ಆದರೆ ಇಪ್ಪತ್ತು ವರ್ಷ ಅಂತ ನಂಬಿಕೊಳ್ಳಬೇಡಿ.

2024ರ ಅಕ್ಟೋಬರ್‌ನಲ್ಲಿ ಶುರುವಾದ ಈ ಹಂತ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಮೊದಲು ಬರುತ್ತಿದ್ದದ್ದು ಸುಮಾರು 145 ಕೋಟಿ. ಆದರೆ ನದಿಯಲ್ಲಿ ನಮ್ಮ ಪಾಲಿಗೆ ಮಿತಿ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು ವರ್ಷಕ್ಕೆ 4.75 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ). ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 37 ಕೋಟಿ ಲೀಟರ್ ಅಷ್ಟೇ. ಜನ ಮಾತ್ರ ಬರ್ತಾನೇ ಇದ್ದಾರೆ ಅಲ್ವಾ? 1896ರಲ್ಲಿ ಹೆಸರಘಟ್ಟ ಕೆರೆಯ ನೀರು ಸಾಕು ಅಂದುಕೊಂಡರು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ್ದು. ಎರಡೂ ಸಾಲಲಿಲ್ಲ.

ಹಾಗಾಗಿ ಬಿಲ್ಡರ್ ಹತ್ತಿರ ಸುಮ್ನೆ 'ಕಾವೇರಿ ಕನೆಕ್ಷನ್ ಇದೆಯಾ' ಅಂತ ಕೇಳಿ ಬಿಡಬೇಡಿ. ಶೌಚಾಲಯದ ಫ್ಲಶ್‌ಗೆ ಬೇರೆ ಪೈಪ್ ಇದೆಯಾ, ಕೊಳಚೆ ನೀರು ಶುದ್ಧ ಮಾಡುವ ಘಟಕ ದಿನಾ ಓಡುತ್ತಾ, ಮನೆಮನೆಗೆ ಮೀಟರ್ ಇದೆಯಾ ನೋಡಿ. 2024ರ ಮಾರ್ಚ್‌ನಲ್ಲಿ ನಮ್ಮ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್‌ಗೆ ಸುರಿದ ದುಡ್ಡು ಇನ್ನೂ ಹೊಟ್ಟೆ ಉರಿಸುತ್ತೆ. ಆಮೇಲೆ ಮೀಟರ್ ಹಾಕಿಸಿದೆವು, ಬಳಕೆ ತಾನಾಗಿ ಇಳಿಯಿತು.

ಬೆಂಗಳೂರಿನ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ನಮ್ಮ ಫ್ಲಶ್‌ಗೂ ಅಂಥ ನೀರು ಸಾಕು. ಫ್ಲಾಟ್ ನೋಡಲು ಏಪ್ರಿಲ್‌ನಲ್ಲಿ ಹೋಗಿ, ಗೇಟಿನ ಹತ್ತಿರ ಎಷ್ಟು ಟ್ಯಾಂಕರ್ ಬರುತ್ತವೆ ಎಣಿಸಿ.